ಮಲಗಿದ ಕಲ್ಲಿನಿಂದ ಎದ್ದು ನಿಂತ ಕಲ್ಲಿನವರೆಗೆ

ಬೀದರ ಸೀಮೆಯ ಬೇಮಳಖೇಡದಲ್ಲಿ ನೆಲದ ಕಥೆ ಓದಬೇಕೆಂದರೆ ಹಳೆಯ ತೆರೆದ ಬಾವಿಯೊಂದರ ಕಟ್ಟೆಯ ಮೇಲೆ ನಿಂತರೆ ಸಾಕು. ಮೇಲೆ ಕೆಂಪು ಮಣ್ಣು, ಅದರ ಕೆಳಗೆ ಗಟ್ಟಿ ಮುರುಮು, ಇನ್ನೂ ಕೆಳಗೆ ಕರಿಗಲ್ಲು. ಒಂದೊಂದು ಪದರೂ ಬಾವಿಯ ಸುತ್ತ ಒಂದೇ ಮಟ್ಟದಲ್ಲಿ ಗೆರೆ ಎಳೆದುಕೊಂಡು ಹೋಗುತ್ತದೆ. ಬೆಳಗಿನ ಬಿಸಿಲು ಒಂದು ಕಡೆಯ ಗೋಡೆಗೆ ಬಿದ್ದಾಗ ಆ ಗೆರೆಗಳು ಎಷ್ಟು ನೇರವಾಗಿ ಕಾಣುತ್ತವೆಂದರೆ, ಯಾರೋ ಮಟ್ಟಗೋಲು ಹಿಡಿದು ಹಾಕಿದ ಹಾಗೆಯೇ ಇದೆ ಎಂದು ಅನ್ನಿಸಿಬಿಡುತ್ತದೆ.

ಹಾಕಿದ್ದು ಬೆಂಕಿ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿಯ ಬಿರುಕುಗಳಿಂದ ಲಾವಾ ಉಕ್ಕಿ, ಹರಿದು, ಆರಿ, ಅದರ ಮೇಲೆ ಮತ್ತೆ ಹರಿದು ದಖ್ಖನ್ನಿನ ಈ ಕಪ್ಪು ಶಿಲೆ ಹುಟ್ಟಿತು. ಬಸವಕಲ್ಯಾಣದ ಕೋಟೆ ಕಟ್ಟಿದ್ದು ಈ ಕಲ್ಲಿನಿಂದ. ಹುಮನಾಬಾದ, ಚಿಟಗುಪ್ಪದ ರೈತರು ಬಾವಿ ತೋಡುವಾಗ ಬೆವರು ಸುರಿಸುವುದು ಈ ಕಲ್ಲಿನ ಮೇಲೆಯೇ. ಅಷ್ಟು ವರ್ಷ ಕಳೆದರೂ ಈ ಪದರುಗಳು ಹೆಚ್ಚೇನೂ ವಾಲಿಲ್ಲ. ಬಿದ್ದಲ್ಲಿ ಬಿದ್ದ ಹಾಗೆ ಮಲಗಿವೆ.

ಬಾವಿಯ ಕಡೆ ಬಗ್ಗಿ ನೋಡುತ್ತಿದ್ದ ನನ್ನನ್ನು ಕಂಡು, ಹೊಲದಿಂದ ಬಂದ ಹಿರಿಯರೊಬ್ಬರು ಪಕ್ಕದಲ್ಲಿ ಬಂದು ನಿಂತರು. ಹರೆಯದಲ್ಲಿ ಬಾವಿ ತೋಡುವ ಕೆಲಸಕ್ಕೆ ಹೋಗುತ್ತಿದ್ದವರು. "ಸಾಹೇಬ್ರ, ಕಲ್ಲ್ ಹ್ಯಾಂಗ್ ಮಲಗ್ಯಾದ ಅಂತ ಮೊದಲ ನೋಡಬೇಕ್ರಿ. ಆಮ್ಯಾಲ ಹಾರಿ ಹಾಕಬೇಕು," ಎಂದರು. ಈ ಒಂದು ಮಾತಿನ ಅರ್ಥ ಎಷ್ಟು ಆಳಕ್ಕೆ ಹೋಗುತ್ತದೆ ಎಂಬುದನ್ನು ಕಣ್ಣಾರೆ ಕಾಣಲು ನಾನು ಬೇಮಳಖೇಡದಿಂದ ದಕ್ಷಿಣಕ್ಕೆ, ಹಟ್ಟಿಯ ಚಿನ್ನದ ಗಣಿಯ ಕಡೆಗೆ ಹೊರಟೆ.

ಹೊರಡುವ ಮೊದಲು ಬೀದರಿನ ನೌಬಾದಿನಲ್ಲಿ ಇಳಿದು ನೋಡಿದ್ದ ಕರೇಜ್ ಮನಸ್ಸಿನಲ್ಲಿತ್ತು. ಬಹಮನಿ ಅರಸರ ಕಾಲದಲ್ಲಿ, ಸುಮಾರು 15ನೆಯ ಶತಮಾನದಲ್ಲಿ, ಜಂಬಿಟ್ಟಿಗೆಯ ನೆಲದಡಿ ಕೊರೆದ ನೀರಿನ ಸುರಂಗ ಅದು. ಸುಮಾರು 3 ಕಿಲೋಮೀಟರ್ ಉದ್ದ. ಅಲ್ಲಲ್ಲಿ ಗಾಳಿ ಬೆಳಕಿಗೆಂದು ಮೇಲಿನಿಂದ ಇಳಿಸಿದ ಬಾವಿಗಳು. ಐದು ಶತಮಾನ ಮೇಲಿನ ಭಾರವನ್ನು ಹೊತ್ತ ಮೇಲೂ ಅದರ ಚಾವಣಿ ಬಹುಪಾಲು ನಿಂತಿದೆ. ಅಲ್ಲಿ ಕಲ್ಲಿಗೆ ವಾಲಿದ ಪದರಿಲ್ಲ. ಭಾರ ನೇರ ಮೇಲಿನಿಂದ ಬರುತ್ತದೆ. ಕೊರೆದವರು ಸುರಂಗವನ್ನು ಕಿರಿದಾಗಿ ಇಟ್ಟುಕೊಂಡರು. ನೆಲದ ಸ್ವಭಾವ ಅರಿತು ತೋಡಿದ ಕೆಲಸ ಎಷ್ಟು ಕಾಲ ಬಾಳುತ್ತದೆ ಎಂಬುದಕ್ಕೆ ಬೀದರ ಸೀಮೆಯಲ್ಲಿ ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಚಿಂಚೋಳಿ ದಾಟಿ ಸೇಡಂ ಕಡೆಗೆ ಇಳಿಯುತ್ತಿದ್ದಂತೆ ಕರಿಗಲ್ಲಿನ ಹೊದಿಕೆ ತೆಳುವಾಗಿ, ಅದರ ಅಡಿಯಲ್ಲಿದ್ದ ಬೂದು ಬಣ್ಣದ ಸುಣ್ಣಕಲ್ಲು ಹೊರಬರುತ್ತದೆ. ನಾಡೆಲ್ಲ ಶಹಾಬಾದ್ ಕಲ್ಲು ಎಂದು ಕರೆಯುವ, ಈ ಭಾಗದವರು ಫರಸಿ ಎನ್ನುವ ಕಲ್ಲು. ರಾಷ್ಟ್ರಕೂಟರ ರಾಜಧಾನಿ ಮಳಖೇಡದ ಕೋಟೆ ಗೋಡೆ ಈ ಕಲ್ಲಿನದು, ಊರಿನ ಮನೆಗಳ ನೆಲ ಈ ಕಲ್ಲಿನದು, ಹೊಲದ ಬದುವಿಗೆ ನೆಟ್ಟ ಚಪ್ಪಡಿಯೂ ಇದೇ. ಕಾಗಿಣಾ ನದಿಯ ದಡದಲ್ಲಿ ನಿಂತು ಕೋಟೆ ನೋಡುವಾಗ, ಒಂದು ಸಾಮ್ರಾಜ್ಯವನ್ನು ಕಟ್ಟಲು ಬೇಕಾದ ಕಲ್ಲನ್ನು ಈ ನೆಲ ಮೊದಲೇ ಹಾಳೆ ಹಾಳೆಯಾಗಿ ಸೀಳಿ ಇಟ್ಟಿತ್ತಲ್ಲ ಎಂದು ಮೈ ಜುಮ್ಮೆಂದಿತು.

ವಾಡಿ, ಶಹಾಬಾದ್ ಸುತ್ತಿನ ಖಣಿಗಳಲ್ಲಿ ಈ ಪದರುಗಳು ಮೇಲಿನಿಂದ ಒಂದೊಂದಾಗಿ ಎದ್ದು ಬರುತ್ತವೆ. ಕಲ್ಲು ಮಟ್ಟಸವಾಗಿ ಮಲಗಿರುವುದರಿಂದ ಕೆಲಸಗಾರರು ಮೇಲಿನ ಮಣ್ಣು ಸರಿಸಿ, ಸಂದಿಗೆ ಹಾರೆ ಕೊಟ್ಟು ಚಪ್ಪಡಿ ಬಿಡಿಸುತ್ತಾರೆ. ಇಂಥ ಮಲಗಿದ ಪದರಿನ ನಡುವೆ ಅದಿರಿದ್ದು, ಮೇಲಿನ ಮಣ್ಣು ಸರಿಸದೆ ಒಳಗೇ ಕೊರೆದು ತೆಗೆಯಬೇಕಾದರೆ? ಆಗ ಮೇಲಿನ ಪದರೇ ಚಾವಣಿಯಾಗುತ್ತದೆ. ಅದರ ಹೆಚ್ಚುಕಡಿಮೆ ಪೂರ್ತಿ ಭಾರ ಖಾಲಿ ಜಾಗದ ಮೇಲೆ ಬರುತ್ತದೆ. ಚಾವಣಿ ನಡುವೆ ಜೋಲುತ್ತದೆ, ಜೋಲಿದಲ್ಲಿ ಸೀಳುತ್ತದೆ, ಕೊನೆಗೆ ಕುಸಿಯುತ್ತದೆ. ಅದಕ್ಕೇ ಮಲಗಿದ ಅದಿರಿನ ಗಣಿಗಳಲ್ಲಿ ಅಲ್ಲಲ್ಲಿ ಅದಿರನ್ನೇ ಕಂಬಗಳಾಗಿ ಬಿಟ್ಟು, ನಡುವಿನದನ್ನು ತೆಗೆಯುವ ರೂಢಿ. ಕಂಬ ಸಣ್ಣದಾದರೆ ಭಾರಕ್ಕೆ ನುಚ್ಚಾಗುತ್ತದೆ; ದೊಡ್ಡದಾದರೆ ಅದಿರು ಭೂಮಿಯಲ್ಲೇ ಉಳಿದುಹೋಗುತ್ತದೆ. ಒಳಗೆ ಕುಸಿದರೆ ನೆಲದ ಮೇಲೆ ತಗ್ಗು ಬೀಳುವುದು ಸುಮಾರಾಗಿ ಆ ಜಾಗದ ನೆತ್ತಿಯ ಮೇಲೆಯೇ, ಎರಡೂ ಕಡೆಗೆ ಸಮನಾಗಿ.

ಯಾದಗಿರಿಯ ಬಳಿ ಭೀಮೆಯನ್ನು ದಾಟಿ ಶಹಾಪುರದ ಕಡೆ ಸಾಗಿದೆ. ಇಲ್ಲಿ ಒಂದು ಅಚ್ಚರಿ ಕಾದಿದೆ. ಶಹಾಪುರ ತಾಲ್ಲೂಕಿನ ಗೋಗಿಯ ಸುತ್ತ ಭೂಮಿಯ ದೊಡ್ಡ ಸ್ತರಭಂಗವೊಂದು ಹಾದುಹೋಗಿದೆ. ಎಲ್ಲೆಡೆ ಮಲಗಿರುವ ಅದೇ ಸುಣ್ಣಕಲ್ಲು ಆ ಬಿರುಕಿನ ಬದಿಯಲ್ಲಿ ಮಗ್ಗುಲಾಗಿ, ಓರೆಯಾಗಿ, ಕೆಲವೆಡೆ ಕಡಿದಾಗಿ ಎದ್ದು ನಿಂತಿದೆ. ಯುರೇನಿಯಂ ಇರುವುದು ಪತ್ತೆಯಾಗಿ, ಪರಿಶೋಧನೆಗಾಗಿ ನೆಲದೊಳಗೆ ಶಾಫ್ಟ್ ಎಂಬ ಗಣಿಬಾವಿ ಇಳಿಸಿದ್ದು ಇಲ್ಲಿಯೇ. ಮಲಗಿದ್ದ ಕಲ್ಲು ಎದ್ದು ನಿಲ್ಲಲು ಭೂಮಿ ಎಷ್ಟು ಬಲ ಹಾಕಿರಬೇಕು ಎಂದು ಯೋಚಿಸುತ್ತ, ಶಹಾಪುರದ ಮಲಗಿದ ಬುದ್ಧನ ಬೆಟ್ಟವನ್ನೂ ಸುರಪುರದ ಹೆಬ್ಬಂಡೆಗಳನ್ನೂ ಹಿಂದೆ ಬಿಟ್ಟು, ತಿಂಥಣಿಯ ಮೌನೇಶ್ವರನ ಸನ್ನಿಧಿಗೆ ಬಂದೆ. ಅಲ್ಲಿ ಕೃಷ್ಣೆ ಗ್ರಾನೈಟಿನ ಬಂಡೆಗಳ ನಡುವೆ ಹರಿಯುತ್ತಾಳೆ. ಸೇತುವೆ ದಾಟಿದರೆ ರಾಯಚೂರು ಜಿಲ್ಲೆ, ಮುಂದೆ ಲಿಂಗಸುಗೂರು ತಾಲ್ಲೂಕಿನ ಹಟ್ಟಿ.

ದೂರದಿಂದಲೇ ಶಾಫ್ಟಿನ ಮೇಲಿನ ಉಕ್ಕಿನ ಗೋಪುರಗಳು ಕಾಣುತ್ತವೆ. ಅವುಗಳ ತುದಿಯ ಗಾಲಿ ತಿರುಗುತ್ತಿದ್ದರೆ ಕೆಳಗೆ ಜನ ಇಳಿಯುತ್ತಿದ್ದಾರೆ, ಇಲ್ಲವೆ ಅದಿರು ಮೇಲೆ ಬರುತ್ತಿದೆ. ಮಲ್ಲಪ್ಪ ಶಾಫ್ಟ್, ಸೆಂಟ್ರಲ್ ಶಾಫ್ಟ್, ವಿಲೇಜ್ ಶಾಫ್ಟ್ ಎಂಬ ಹೆಸರುಗಳು ಇಲ್ಲಿ ಬಡಾವಣೆಯ ಹೆಸರುಗಳಷ್ಟೇ ಬಳಕೆಯಲ್ಲಿವೆ. ಬೇಮಳಖೇಡ, ಹಟ್ಟಿ ಎರಡೂ ಒಂದು ಕಾಲಕ್ಕೆ ನಿಜಾಮನ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಕಂಪನಿಯಾಗಿ ಹುಟ್ಟಿದ್ದು ರಾಜ್ಯಗಳ ಪುನರ್ವಿಂಗಡಣೆಯ ತರುವಾಯ ಹಟ್ಟಿ ಚಿನ್ನದ ಗಣಿ ಕಂಪನಿಯಾಯಿತು. ಕೋಲಾರದ ಗಣಿ ಮುಚ್ಚಿದ ಮೇಲೆ ಕರ್ನಾಟಕದ ಚಿನ್ನದ ಮಾತು ಬಂದರೆ ಮೊದಲು ಬರುವ ಹೆಸರು ಇದು.

ಆದರೆ ಇಲ್ಲಿಯ ಗಣಿಗಾರಿಕೆ ಕಂಪನಿಗಿಂತ, ನಿಜಾಮನಿಗಿಂತ ಎಷ್ಟೋ ಹಳೆಯದು. ಆಧುನಿಕ ಗಣಿಗಾರರು ಕೆಳಗಿಳಿದಾಗ ತಮಗಿಂತ ಮೊದಲೇ ಯಾರೋ ತೋಡಿಹೋದ ಖಾಲಿ ಜಾಗಗಳು ಸಿಕ್ಕವು. ಕೆಲವು 600 ಅಡಿಗಿಂತಲೂ ಆಳಕ್ಕೆ ಇಳಿದಿದ್ದವು. ಅಲ್ಲಿ ಸಿಕ್ಕ ಮರದ ತುಂಡುಗಳನ್ನು ಇಂಗಾಲದ ಕಾಲಮಾಪನಕ್ಕೆ ಒಳಪಡಿಸಿದಾಗ ಸುಮಾರು 2000 ವರ್ಷಗಳಷ್ಟು ಹಳೆಯವೆಂದು ತಿಳಿಯಿತು. ಕಲ್ಲಿಗೆ ಬೆಂಕಿ ಹಚ್ಚಿ ಕಾಯಿಸಿ, ನೀರೆರೆದು ಬಿರಿಸಿ, ಉಳಿಯಿಂದ ಕೆದಕಿ ಅವರು ಚಿನ್ನದ ಎಳೆಯ ಹಿಂದೆ ಹೋಗಿದ್ದರು. ಹತ್ತಿರದ ಮಸ್ಕಿಯಲ್ಲಿ ಅಶೋಕನ ಹೆಸರು ಹೊತ್ತ ಶಾಸನ 1915ರಲ್ಲಿ ಕಣ್ಣಿಗೆ ಬಿದ್ದದ್ದು ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರಿಗೆ. ಚಿನ್ನ ಹುಡುಕುತ್ತ ಬಂದವರಿಂದ ನಾಡಿಗೆ ಸಿಕ್ಕ ಆ ಅಕ್ಷರಗಳ ಬೆಲೆ ಚಿನ್ನಕ್ಕಿಂತ ಕಡಿಮೆಯದಲ್ಲ.

ಅನುಮತಿ ಸಿಕ್ಕು, ತಲೆಗೆ ಹೆಲ್ಮೆಟ್ ಮತ್ತು ದೀಪ, ಕಾಲಿಗೆ ಗಂಬೂಟು ಹಾಕಿಕೊಂಡು ಕೇಜಿನೊಳಗೆ ನಿಂತಾಗ ಎದೆ ಬಡಿತ ಕಿವಿಗೆ ಕೇಳುತ್ತಿತ್ತು. ಗಂಟೆ ಮೊಳಗಿತು. ಬೆಳಕು ಮೇಲೆ ಹೋಯಿತು. ಕಿವಿ ಗುಂಯ್ ಅಂದಿತು. ಗಾಳಿ ಬೆಚ್ಚಗಾಯಿತು. ಲೆವೆಲ್ ಒಂದರಲ್ಲಿ ಇಳಿದು, ಹಳಿಯ ಪಕ್ಕದಲ್ಲಿ ನೀರು ಹರಿಯುವ ಕಾಲುವೆಯ ಗುಂಟ ನಡೆದು, ಏಣಿ ಹತ್ತಿ, ಅದಿರು ತೆಗೆಯುವ ಜಾಗವಾದ ಸ್ಟೋಪೊಂದರ ಬಾಯಿಗೆ ಬಂದೆವು. ದೀಪ ಎತ್ತಿ ಹಿಡಿದಾಗ ಕಂಡದ್ದನ್ನು ಬೇಮಳಖೇಡದ ಬಾವಿ ನೋಡಿ ಬಂದ ಕಣ್ಣು ನಂಬಲಿಲ್ಲ. ಇಲ್ಲಿ ಒಂದು ಗೆರೆಯೂ ಅಡ್ಡವಿಲ್ಲ. ಕಪ್ಪು ಹಸಿರಿನ ಶಿಲೆ, ಅದರ ನಡುವೆ ಹೊಗೆ ಬಣ್ಣದ ಬೆಣಚುಕಲ್ಲಿನ ಪಟ್ಟೆ, ಎಲ್ಲವೂ ಕಡಿದಾಗಿ ಎದ್ದು ನಿಂತಿವೆ. ಮೇಲೆ ಕತ್ತಲಿಗೆ ಹೋಗುತ್ತವೆ, ಕೆಳಗೆ ಕತ್ತಲಿಗೆ ಇಳಿಯುತ್ತವೆ. ಹಟ್ಟಿಯ ರೀಫುಗಳು, ಅಂದರೆ ಚಿನ್ನ ಹೊತ್ತ ಈ ಪಟ್ಟೆಗಳು, ಸುಮಾರಾಗಿ ಉತ್ತರ–ದಕ್ಷಿಣವಾಗಿ ಹಬ್ಬಿ, ಪಶ್ಚಿಮಕ್ಕೆ 70 ಡಿಗ್ರಿಯಷ್ಟು ಓರೆಯಾಗಿ ಇಳಿದಿವೆ. ಒಂದರ ಪಕ್ಕ ಒಂದು, ಸಮಾನಾಂತರವಾಗಿ. ಸುಮಾರು 250 ಕೋಟಿ ವರ್ಷಗಳ ಹಿಂದಿನ ಶಿಲೆ ಇದು. ಒಮ್ಮೆ ಮಲಗಿದ್ದುದನ್ನು ಭೂಮಿ ಹಿಸುಕಿ, ಮಡಿಚಿ, ನಿಲ್ಲಿಸಿದೆ. ಆ ನಿಂತ ಬಿರುಕುಗಳಲ್ಲೇ ಬಿಸಿನೀರು ಚಿನ್ನವನ್ನು ತಂದು ಇಟ್ಟುಹೋಗಿದೆ.

ಓರೆಯಾದ ಅದಿರನ್ನು ತೆಗೆದ ಮೇಲೆ ಎರಡು ಗೋಡೆ ಉಳಿಯುತ್ತವೆ. ನಮ್ಮ ತಲೆಯ ಮೇಲೆ ಬಾಗಿ ನಿಂತದ್ದು ಹ್ಯಾಂಗಿಂಗ್ ವಾಲ್, ಕಾಲ ಕಡೆ ಒರಗಿದ್ದು ಫುಟ್ ವಾಲ್. ಗಣಿಯವರ ಬದುಕು ಈ ಎರಡು ಗೋಡೆಗಳ ನಡುವೆ. ಬುತ್ತಿಗಂಟಿನಲ್ಲಿ ಅಡುಕಿಟ್ಟ ರೊಟ್ಟಿಗಳನ್ನು ನೆನೆಸಿಕೊಳ್ಳಿ: ಮಟ್ಟಸವಾಗಿ ಇಟ್ಟಾಗ ಮೇಲಿನ ರೊಟ್ಟಿ ಕೆಳಗಿನದನ್ನು ಒತ್ತುತ್ತದೆ, ಗಂಟನ್ನು ಓರೆ ಹಿಡಿದರೆ ಒತ್ತುವುದು ಕಡಿಮೆಯಾಗಿ ಜಾರುವುದು ಹೆಚ್ಚುತ್ತದೆ. ಕಲ್ಲಿನ ನಡತೆಯೂ ಇದೇ. ಲೆಕ್ಕ ಹಾಕಿದರೆ ಪದರು 15 ಡಿಗ್ರಿ ವಾಲಿದ್ದಾಗ ಕಲ್ಲಿನ ಭಾರದ ನೂರಕ್ಕೆ 97 ಭಾಗ ಪದರನ್ನು ನೇರ ಒತ್ತುತ್ತದೆ, 26 ಭಾಗ ಮಾತ್ರ ಪದರಿನ ಗುಂಟ ಎಳೆಯುತ್ತದೆ. 45 ಡಿಗ್ರಿಗೆ ಎರಡೂ ಸಮ, 71 ಮತ್ತು 71. ಹಟ್ಟಿಯ 70 ಡಿಗ್ರಿಗೆ ಬಂದರೆ ಒತ್ತುವುದು 34 ಭಾಗಕ್ಕೆ ಇಳಿಯುತ್ತದೆ, ಜಾರಿಸುವುದು 94ಕ್ಕೆ ಏರುತ್ತದೆ. ಒಂದೇ ಕಲ್ಲು, ಒಂದೇ ತೂಕ. ವಾಲು ಬದಲಾದರೆ ಅದು ಸರಿಯುವ ದಾರಿಯೇ ಬದಲಾಗಿಬಿಡುತ್ತದೆ.

ಹಾಗಾದರೆ ಕಡಿದಾದ ಅದಿರು ಸುರಕ್ಷಿತವೇ? ಅಷ್ಟು ಸುಲಭವಲ್ಲ. ಆಳದ ಕಲ್ಲಿಗೆ ಮೇಲಿನ ಭಾರ ಮಾತ್ರವಲ್ಲ, ಅಕ್ಕಪಕ್ಕದಿಂದ ಭೂಮಿ ಹಿಸುಕುವ ಒತ್ತಡವೂ ಇರುತ್ತದೆ. ನಿಂತ ಪದರಿಗೆ ಆ ಅಡ್ಡ ಒತ್ತಡ ನೇರ ಎದೆಗೆ ಬರುತ್ತದೆ. ನಡುವಿನ ಅದಿರು ತೆಗೆದಾಗ ಎರಡು ಗೋಡೆಗಳೂ ಒಂದನ್ನೊಂದು ಸೇರಲು ಹವಣಿಸುತ್ತವೆ. ದಾರಿ ಮುಚ್ಚಿದ ಒತ್ತಡ ಖಾಲಿ ಜಾಗವನ್ನು ಸುತ್ತಿ ಹೋಗಿ ಅದರ ನೆತ್ತಿಯಲ್ಲೂ ಬುಡದಲ್ಲೂ ಗುಂಪುಗೂಡುತ್ತದೆ. ಶಿಲೆಯ ಸಹಜ ಸೀಳುಗಳೂ ರೀಫಿನ ಗುಂಟವೇ ಇದ್ದರೆ ಗೋಡೆ ಹಾಳೆ ಹಾಳೆಯಾಗಿ ಕಳಚುತ್ತದೆ. ಒಂದು ಮೀಟರ್ ಉದ್ದ, ಅಗಲ, ದಪ್ಪದ ಈ ಕಲ್ಲು ಸುಮಾರು 3 ಟನ್ ತೂಗುತ್ತದೆ. ಅದು ಕಳಚಿದರೆ ಜೀವಕ್ಕೆ ಅಪಾಯ. ಯಾರಿಗೂ ತಾಗದಿದ್ದರೂ ಬರಡು ಕಲ್ಲು ಅದಿರಿನೊಳಗೆ ಬೆರೆತು ನಷ್ಟ. ಟನ್ನಿಗೆ ಕೆಲವೇ ಗ್ರಾಂ ಚಿನ್ನ ಸಿಗುವಲ್ಲಿ ಬರಡು ಕಲ್ಲನ್ನು ಮೇಲೆತ್ತಿ ಅರೆಯುವುದೆಂದರೆ ದುಡಿಮೆಯನ್ನು ಗಾಳಿಗೆ ತೂರಿದಂತೆ.

ನನ್ನ ಜೊತೆಗಿದ್ದ ಮೇಸ್ತ್ರಿ ಉದ್ದನೆಯ ಸಲಾಕೆ ತೆಗೆದುಕೊಂಡು ಹ್ಯಾಂಗಿಂಗ್ ವಾಲಿಗೆ ತಟ್ಟಿದರು. ಠಣ್ ಎಂದಿತು. ಎರಡು ಹೆಜ್ಜೆ ಸರಿದು ತಟ್ಟಿದರು. ಈ ಸಲ ದಬ್ ಎಂದಿತು. "ಸರ್, ಹಿಂದ ಸರೀರಿ. ಇದು ಬಿಟ್ಟದ," ಎಂದು ನನ್ನನ್ನು ಬದಿಗೆ ನಿಲ್ಲಿಸಿ, ಸಲಾಕೆಯ ತುದಿಯನ್ನು ಸಂದಿಗೆ ಕೊಟ್ಟು ಮೀಟಿದರು. ಚಪ್ಪಡಿಯೊಂದು ಕಳಚಿ, ಫುಟ್ ವಾಲಿಗೆ ತಾಗಿ, ಜಾರಿ ಹೋಯಿತು. ಗಟ್ಟಿ ಕಲ್ಲಿಗೂ ಬೇರ್ಪಟ್ಟ ಕಲ್ಲಿಗೂ ಇರುವ ಅಂತರವನ್ನು ಕಿವಿಯಿಂದಲೇ ತಿಳಿಯುವ ಆ ವಿದ್ಯೆಯ ಮುಂದೆ ನಾನು ಕೈಮುಗಿದೆ. ಪ್ರತಿ ಶಿಫ್ಟಿನಲ್ಲೂ, ಕೆಲಸ ಶುರುವಾಗುವ ಮೊದಲು, ಯಾರೋ ಒಬ್ಬರು ಹೀಗೆ ಕಲ್ಲನ್ನು ಮಾತನಾಡಿಸಲೇಬೇಕು.

ಕಡಿದಾದ ವಾಲು ಗಣಿಗಾರನಿಗೆ ಕೊಡುವ ವರವೂ ಒಂದಿದೆ. ಮುರಿದ ಕಲ್ಲು ರಾಶಿಯಾಗಿ ನಿಲ್ಲುವುದು ಸುಮಾರು 35ರಿಂದ 40 ಡಿಗ್ರಿಯ ಇಳಿಜಾರಿನಲ್ಲಿ. ರೀಫ್ ಅದಕ್ಕಿಂತ ಕಡಿದಾಗಿದ್ದರೆ ಸಿಡಿಸಿದ ಅದಿರು ತಾನೇ ಜಾರಿ ಕೆಳಗಿನ ಚೂಟ್ ಎಂಬ ಜಾರುಗಂಡಿಗೆ ಬಂದು, ಅದರ ಬಾಯಿ ತೆರೆದರೆ ಬಂಡಿಗೆ ಬೀಳುತ್ತದೆ. 30 ಡಿಗ್ರಿಯ ಅದಿರಾದರೆ ತಾನಾಗಿ ಜಾರದು, ಯಂತ್ರದಿಂದ ಎಳೆಯಬೇಕು, ಮೇಲಿನ ಗೋಡೆಯೂ ಅರ್ಧ ಜೋತು ಅರ್ಧ ಜಾರಿ ಕಾಟ ಕೊಡುತ್ತದೆ. ನಡುವಿನ ವಾಲು ಗಣಿಗಾರರಿಗೆ ಎಲ್ಲಕ್ಕಿಂತ ಕಷ್ಟದ್ದು.

ಕಡಿದಾದ ರೀಫಿನಲ್ಲಿ ನಡೆಯುವ ಶ್ರಿಂಕೇಜ್ ಎಂಬ ಹಳೆಯ ವಿಧಾನದ ಜಾಣ್ಮೆ ನನ್ನನ್ನು ಬೆರಗುಗೊಳಿಸಿತು. ಕೆಳಗಿನಿಂದ ಮೇಲಕ್ಕೆ ಅದಿರನ್ನು ಸಿಡಿಸುತ್ತ ಹೋಗುತ್ತಾರೆ. ಮುರಿದ ಕಲ್ಲಿಗೆ ಇಡಿಗಲ್ಲಿಗಿಂತ ಹೆಚ್ಚು ಜಾಗ ಬೇಕು. ಹಾಗೆ ಹೆಚ್ಚಾದ ಮೂರನೇ ಒಂದು ಪಾಲನ್ನಷ್ಟೇ ಕೆಳಗಿನಿಂದ ತೆಗೆದು, ಉಳಿದುದನ್ನು ಅಲ್ಲೇ ಬಿಡುತ್ತಾರೆ. ಆ ರಾಶಿಯ ಮೇಲೆ ನಿಂತು ಮುಂದಿನ ಕೊರೆತ. ಅದೇ ರಾಶಿ ಎರಡೂ ಗೋಡೆಗಳನ್ನು ಹಿಡಿದು ನಿಲ್ಲಿಸುತ್ತದೆ. ಮೇಲಿನ ತುದಿ ಮುಟ್ಟಿದ ಮೇಲೆ ಎಲ್ಲವನ್ನೂ ಇಳಿಸಿಕೊಳ್ಳುತ್ತಾರೆ. ಗೋಡೆ ದುರ್ಬಲವಾದಲ್ಲಿ ಅದಿರು ತೆಗೆದಂತೆಲ್ಲ ಖಾಲಿ ಜಾಗಕ್ಕೆ ಮರಳನ್ನೋ ಬರಡು ಕಲ್ಲನ್ನೋ ತುಂಬುತ್ತಾರೆ. ಯಾವ ವಿಧಾನ ಎಲ್ಲಿಗೆ ಎಂಬುದನ್ನು ತೀರ್ಮಾನಿಸುವಾಗ ಎಂಜಿನಿಯರ್ ಮೊದಲು ನೋಡುವ ಅಂಕಿಗಳಲ್ಲಿ ಒಂದು ರೀಫಿನ ವಾಲು.

ಮೇಲೆ ಬಂದು ಬಿಸಿಲಿಗೆ ಕಣ್ಣು ಹೊಂದಿಕೊಳ್ಳುವಾಗ ಇನ್ನೊಂದು ಸಂಗತಿ ಹೊಳೆಯಿತು. ಓರೆಯಾದ ಅದಿರನ್ನು ಆಳದಲ್ಲಿ ತೆಗೆದರೆ ಮೇಲಿನ ನೆಲ ಸರಿಯುವುದು ನೇರ ನೆತ್ತಿಯ ಮೇಲಲ್ಲ. ಅದಿರು ಯಾವ ಕಡೆಗೆ ವಾಲಿ ಇಳಿದಿದೆಯೋ ಆ ಕಡೆಗೆ, ಹ್ಯಾಂಗಿಂಗ್ ವಾಲಿನ ಪಕ್ಕಕ್ಕೆ, ತಗ್ಗು ಸರಿದು ಹರಡುತ್ತದೆ. ವಾಲು ತೀರ ಕಡಿದಾದರೆ ಫುಟ್ ವಾಲಿನ ಕಲ್ಲು ಕೂಡ ಜಾರಲು ತೊಡಗುತ್ತದೆ. ಅದಕ್ಕಾಗಿಯೇ ಗಣಿಯ ಜೀವನಾಡಿಯಾದ ಶಾಫ್ಟನ್ನು ಸಾಧ್ಯವಾದಲ್ಲೆಲ್ಲ ಫುಟ್ ವಾಲಿನ ಕಡೆಗೆ, ದೂರ ಬಿಟ್ಟು ಇಳಿಸುತ್ತಾರೆ. ಮನೆ, ರಸ್ತೆ, ಕೆರೆ ಎಲ್ಲಿರಬೇಕು, ಎಲ್ಲಿರಬಾರದು ಎಂಬುದನ್ನೂ ಕಣ್ಣಿಗೆ ಕಾಣದ ಆ ಓರೆಯೇ ಹೇಳುತ್ತದೆ.

ಈ ಪಾಠವನ್ನು ನಮ್ಮ ನಾಡು ಅತಿ ದುಬಾರಿಯಾಗಿ ಕಲಿತದ್ದು ಕೋಲಾರದ ಚಿನ್ನದ ಗಣಿಯಲ್ಲಿ. 1880ರಲ್ಲಿ ಜಾನ್ ಟೇಲರ್ ಕಂಪನಿ ಅಲ್ಲಿ ಕಾಲಿಟ್ಟ ಮೇಲೆ ಗಣಿಗಾರರು ಚಾಂಪಿಯನ್ ರೀಫನ್ನು ಹಿಂಬಾಲಿಸಿ ಸುಮಾರು 3.2 ಕಿಲೋಮೀಟರ್ ಆಳಕ್ಕೆ ಇಳಿದರು. ಆ ರೀಫೂ ಪಶ್ಚಿಮಕ್ಕೇ ವಾಲಿದೆ. ಮೇಲಿನ ಲೆವೆಲ್‌ಗಳಲ್ಲಿ ಅಷ್ಟೇನೂ ಕಡಿದಲ್ಲದ ಅದು ಆಳಕ್ಕೆ ಹೋದಂತೆ ಬಹುತೇಕ ನೇರವಾಗಿ ನಿಲ್ಲುತ್ತದೆ. ಅಷ್ಟು ಆಳದಲ್ಲಿ ಒಂದೊಂದು ಚದರ ಸೆಂಟಿಮೀಟರಿನ ಮೇಲೂ ಬೀಳುವ ಕಲ್ಲಿನ ಭಾರ 800 ಕಿಲೋಗ್ರಾಂ ದಾಟುತ್ತದೆ. ಕಲ್ಲಿನ ಬಿಸಿ 60 ಡಿಗ್ರಿ ದಾಟುತ್ತದೆ. ಗೋಡೆಗಳು ಮೆಲ್ಲಗೆ ಸರಿಯುವುದರ ಬದಲು ಒಮ್ಮೆಲೆ ಸಿಡಿಯತೊಡಗಿದವು. 1898ರಷ್ಟು ಹಿಂದೆಯೇ ಅಲ್ಲಿನ ಊರಿಗಾಂ ಗಣಿಯಲ್ಲಿ ಶಿಲಾಸ್ಫೋಟ ದಾಖಲಾಯಿತು. ಮುಂದಿನ ಶತಮಾನದಲ್ಲಿ ಅವು ಎಷ್ಟು ಜೋರಾದವೆಂದರೆ ಮೇಲಿನ ಊರಿನ ಮನೆಗಳೂ ನಡುಗುತ್ತಿದ್ದವು. ಮರದ ಆಸರೆ ಸಾಲದೆಂದು ಗ್ರಾನೈಟಿನ ಗೋಡೆ, ಅದೂ ಸಾಲದೆಂದು ಕಾಂಕ್ರೀಟ್ ತುಂಬಿದರು. ಅದಿರು ತೆಗೆಯುವ ಸರದಿಯನ್ನೇ ಬದಲಿಸಿದರು. ಆ ಅನುಭವದ ನೆಲದಲ್ಲಿಯೇ, ಚಾಂಪಿಯನ್ ರೀಫ್ಸಿನಲ್ಲಿ, 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಹುಟ್ಟಿತು. ಗಣಿ 2001ರ ಫೆಬ್ರುವರಿ ಕೊನೆಗೆ ಮುಚ್ಚಿತು. ಅಲ್ಲಿ ಜೀವ ತೆತ್ತ ಕಾರ್ಮಿಕರಿಂದ ಕಲಿತದ್ದನ್ನು ಈ ದೇಶದ ಸುರಂಗ, ಅಣೆಕಟ್ಟು, ಗಣಿಗಳೆಲ್ಲ ಇಂದಿಗೂ ಬಳಸುತ್ತಿವೆ.

ಬೇಮಳಖೇಡದಿಂದ ಹಟ್ಟಿಯವರೆಗಿನ ದಾರಿ ಭೂಗರ್ಭಶಾಸ್ತ್ರದ ತೆರೆದ ಪಾಠಶಾಲೆ. ಮಲಗಿದ ಕರಿಗಲ್ಲು, ಹಾಳೆಯಾದ ಫರಸಿ, ಬಿರುಕಿನ ಬದಿಗೆ ಎದ್ದ ಗೋಗಿಯ ಸುಣ್ಣಕಲ್ಲು, ಕಡಿದಾಗಿ ನಿಂತ ಹಟ್ಟಿಯ ರೀಫು, ಇವೆಲ್ಲ ಒಂದೇ ದಾರಿಯಲ್ಲಿ ಸಿಗುವ ನಾಡು ನಮ್ಮದು. ಕಲ್ಯಾಣ ಕರ್ನಾಟಕದ ಶಾಲೆ ಕಾಲೇಜುಗಳ ಮೇಷ್ಟ್ರುಗಳಲ್ಲಿ ನನ್ನದೊಂದು ಬಿನ್ನಹ: ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವಾಗ ಈ ದಾರಿಯನ್ನೂ ಸೇರಿಸಿಕೊಳ್ಳಿ. ಬಾವಿಯ ಗೋಡೆ, ಖಣಿಯ ಅಂಚು, ನೌಬಾದಿನ ಸುರಂಗ ತೋರಿಸಿ, ಕಲ್ಲು ಯಾವ ಕಡೆಗೆ ವಾಲಿದೆ ಎಂದು ಅವರಿಂದಲೇ ಹೇಳಿಸಿ. ಗಣಿ ನಡೆಸುವವರಿಗೂ ಹೇಳುವುದಿದೆ: ನೆಲದಡಿಯ ಅದಿರಿನ ವಾಲು, ಅದರಿಂದ ಮೇಲಿನ ನೆಲ ಸರಿಯಬಹುದಾದ ದಿಕ್ಕು, ಇವನ್ನು ಆ ನೆಲದ ಮೇಲೆ ಬದುಕುವ ಜನರಿಗೆ ಅವರ ಮಾತಿನಲ್ಲೇ ತಿಳಿಸಬೇಕು. ತಮ್ಮ ಮನೆಯಡಿಯ ಕಲ್ಲು ಹೇಗಿದೆ ಎಂದು ತಿಳಿಯುವುದು ಅವರ ಹಕ್ಕು.